ಎರಡರಿಂದ ಶುರುವಾದ ಪಟ್ಟಿ

ಆ ಶನಿವಾರ ಮಧ್ಯಾಹ್ನದೊಳಗೆ ಮುಗಿಸಿದ ಕೆಲಸಗಳು ಇವು. ಕಾವೇರಿ ನೀರು ಬಿಡುವ ದಿನವಾದ್ದರಿಂದ ಕತ್ತಲಿರುವಾಗಲೇ ಎದ್ದು ಸಂಪಿನ ಮುಚ್ಚಳ ತೆಗೆದು ನೋಡಿದೆ, ಕುಡಿಯುವುದಕ್ಕೆ ಬಿಂದಿಗೆ ಹಿಡಿದಿಟ್ಟೆ, ಸಂಪು ತುಂಬಿದ ಮೇಲೆ ಮೋಟಾರು ಹಾಕಿ ಮೇಲಿನ ಟ್ಯಾಂಕಿಗೆ ಏರಿಸಿದೆ. ದೋಸೆ ಹಿಟ್ಟಿಗೆ ಉಪ್ಪು ಹಾಕಿದೆ. ಯಜಮಾನರನ್ನು ಆಫೀಸಿಗೆ ಕಳಿಸಿದೆ. ಬಸ್ಸಾರಿಗೆ ದಂಟಿನ ಸೊಪ್ಪು ಬಿಡಿಸಿಟ್ಟೆ. ಬಾಲ್ಕನಿಯಲ್ಲಿ ಹರಡಿದ್ದ ಬ್ಯಾಡಗಿ ಮೆಣಸಿನಕಾಯಿ ತಿರುವಿ ಹಾಕಿದೆ. ಸೀರೆಗೆ ಇಸ್ತ್ರಿ ಮಾಡಿಕೊಂಡೆ. ಬೇಕರಿಯ ಮೇಲಿನ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿಗೆ ಹೋಗಿ, ನಮ್ಮ ಮಹಿಳಾ ಸಮಾಜದ ವೆಬ್ ಪುಟಕ್ಕೆ ಒಂದು ಮಾತು ಸೇರಿಸಿ, ಫ್ಲಾಪಿಗೆ ಹಾಕಿಕೊಟ್ಟು ಇಳಿದು ಬಂದೆ. ಬರುವಾಗ ಕೊತ್ತಂಬರಿ ಸೊಪ್ಪು ತಂದೆ.

ಇವುಗಳಲ್ಲಿ ಕೆಲವಕ್ಕೆ ಹಿಂದು ಮುಂದು ಉಂಟು, ಕೆಲವಕ್ಕೆ ಇಲ್ಲ. ಸಂಪಿಗೆ ನೀರು ಬರುವ ಮೊದಲೇ ಮೋಟಾರು ಹಾಕಿದರೆ ಗಾಳಿ ಎಳೆದು ಸುಟ್ಟು ಕೂರುತ್ತದೆ. ಕೊತ್ತಂಬರಿ ಸೊಪ್ಪನ್ನು ಇಸ್ತ್ರಿಗೆ ಮುಂಚೆ ತಂದರೂ ಸರಿ, ಆಮೇಲೆ ತಂದರೂ ಸರಿ. ಮೊದಲನೆಯ ಬಗೆಯದಕ್ಕೆ ಒಂದು, ಎರಡು, ಮೂರು ಎಂದು ಸಂಖ್ಯೆ ಬೇಕು. ಎರಡನೆಯದಕ್ಕೆ ಬರೀ ಚುಕ್ಕೆ ಸಾಕು. ಇಷ್ಟನ್ನು ಹೇಳಿಕೊಡುವುದಕ್ಕೆ ಆ ಇನ್‌ಸ್ಟಿಟ್ಯೂಟಿನವರು ಒಂದು ಇಡೀ ಮಳೆಗಾಲ ತೆಗೆದುಕೊಂಡರು. ಅಷ್ಟಾದರೂ ಹೇಳಿಕೊಟ್ಟರೇ ಎಂದರೆ, ಅದೂ ಇಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದ ಕಾಲ. ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಬೇಕರಿ ಇದ್ದ ಕಡೆಯೆಲ್ಲ ಮೇಲಿನ ಮಹಡಿಯಲ್ಲಿ ಒಂದು ಕಂಪ್ಯೂಟರ್ ಕ್ಲಾಸು ಇರುತ್ತಿತ್ತು. ನಾನು ಸೇರಿದ್ದು ‘ಗೃಹಿಣಿಯರ ವಿಶೇಷ ಬ್ಯಾಚ್’ ಎಂಬ ಬೋರ್ಡು ನೋಡಿ. ವಿಶೇಷವೇನೆಂದರೆ, ಮಧ್ಯಾಹ್ನ ಬೇರೆ ಯಾರೂ ಬರದ ಹೊತ್ತಿನಲ್ಲಿ ನಮ್ಮನ್ನು ಕೂರಿಸುತ್ತಿದ್ದರು. ದೇವಸ್ಥಾನದಂತೆ ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಗರ್ಭಗುಡಿಯಂತೆ ತಣ್ಣಗೆ, ಮಬ್ಬು. ಅರ್ಚಕರ ಜಾಗದಲ್ಲಿ ಒಬ್ಬ ಸಾರ್. ಕುತ್ತಿಗೆಗೆ ಟೈ, ಕಾಲಿಗೆ ಹವಾಯಿ ಚಪ್ಪಲಿ. ಅವರೊಬ್ಬರು ಮಾತ್ರ ಚಪ್ಪಲಿ ಬಿಡುತ್ತಿರಲಿಲ್ಲ.

ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಎಂಬುದನ್ನು ಅವರು ಹೇಳಿಕೊಡುತ್ತಿದ್ದ ರೀತಿ ಹೀಗೆ. ಬೋರ್ಡಿನ ಮೇಲೆ ಬರೆಯುವರು, ನಾವು ರೆಕಾರ್ಡ್ ಪುಸ್ತಕಕ್ಕೆ ಇಳಿಸಿಕೊಳ್ಳಬೇಕು. ಬಲಗಡೆ ಗೆರೆ ಹಾಕಿದ ಪುಟದಲ್ಲಿ ಕೋಡ್. ಎಡಗಡೆ ಬಿಳಿ ಪುಟದಲ್ಲಿ ಅದು ಪರದೆಯ ಮೇಲೆ ಹೇಗೆ ಕಾಣುತ್ತದೆಂದು ಪೆನ್ಸಿಲಿನಲ್ಲಿ ಚಿತ್ರ. ಕಂಪ್ಯೂಟರ್ ಪಕ್ಕದಲ್ಲೇ ಇದೆ, ಆದರೆ ಅದನ್ನು ಆನ್ ಮಾಡುವ ಹಾಗಿಲ್ಲ, ರೆಕಾರ್ಡಿಗೆ ಸಹಿ ಬೀಳುವ ತನಕ. ನಾನು ಚುಕ್ಕೆಗಳ ಪಟ್ಟಿಯ ಚಿತ್ರ ಬರೆದದ್ದಕ್ಕೆ ಕೆಂಪು ಶಾಯಿಯಲ್ಲಿ ‘ಚುಕ್ಕೆ ದುಂಡಗಿಲ್ಲ’ ಎಂದು ಷರಾ ಬಂತು. ಎಷ್ಟೋ ವರ್ಷ ಬಾಗಿಲಿಗೆ ಚುಕ್ಕಿ ಇಟ್ಟು ರಂಗೋಲಿ ಹಾಕಿದವಳ ಚುಕ್ಕಿಯನ್ನು ಆ ಮನುಷ್ಯ ತಿದ್ದಿದ.

“ಬರ್ಕೊಳಿ. ಓಎಲ್ ಅಂದ್ರೆ ಆರ್ಡರ್ಡ್ ಲಿಸ್ಟ್. ಯುಎಲ್ ಅಂದ್ರೆ ಅನ್‌ಆರ್ಡರ್ಡ್ ಲಿಸ್ಟ್. ಒಳಗಡೆ ಒಂದೊಂದು ಐಟಮ್ಮಿಗೂ ಎಲ್‌ಐ. ಎಕ್ಸಾಂಪಲ್: ಆಪಲ್, ಮ್ಯಾಂಗೋ, ಬನಾನಾ.”

“ಸಾರ್, ಯಾವಾಗ ಯಾವ್ದು ಹಾಕ್ಬೇಕು?” ಎಂದು ಕೇಳಿದೆ.

“ನಿಮ್ಗೆ ಯಾವ್ದು ಚೆನ್ನಾಗ್ ಕಾಣುತ್ತೋ ಅದು ಮೇಡಂ.”

ನಮ್ಮ ಪಕ್ಕದ ರಸ್ತೆಯ ಆಂಟಿಯೊಬ್ಬರು ಅದನ್ನೂ ಬರೆದುಕೊಂಡರು.

ಸೇಬು, ಮಾವು, ಬಾಳೆಹಣ್ಣು. ಇವನ್ನು ಒಂದು, ಎರಡು, ಮೂರು ಎಂದು ಎಣಿಸಿ ಬರೆಯುವ ದರಿದ್ರ ಯಾರಿಗೆ ಬಂದಿದೆ? ಹಣ್ಣಿನಂಗಡಿಯವನೇ ಬರೆಯುವುದಿಲ್ಲ. ಹುಳಿಪುಡಿ ಹುರಿಯುವ ಕ್ರಮ ಹೇಳಿದ್ದರೆ ನಮ್ಮ ಬ್ಯಾಚಿನ ಎಲ್ಲರಿಗೂ ಅರ್ಧ ಗಂಟೆಯಲ್ಲಿ ತಲೆಗೆ ಹೋಗುತ್ತಿತ್ತು: ಬೇಳೆ ಮೊದಲು, ಧನಿಯಾ ಆಮೇಲೆ, ಮೆಂತ್ಯ ಕೊನೆಗೆ, ತಪ್ಪಿದರೆ ಕಹಿ. ಇದು ಸಂಖ್ಯೆಯ ಪಟ್ಟಿ. ಡಬ್ಬದಲ್ಲಿ ಏನೇನು ಇದೆ ಎನ್ನುವುದು ಚುಕ್ಕೆಯ ಪಟ್ಟಿ. ಆದರೆ ಸಾರ್ ಅವರ ಪ್ರಕಾರ ಕಂಪ್ಯೂಟರಿಗೆ ಧನಿಯಾ ಗೊತ್ತಿಲ್ಲ, ಆಪಲ್ ಮಾತ್ರ ಗೊತ್ತು.

ಕೊನೆಗೆ ಸಹಿ ಬಿದ್ದು, ಮೆಷೀನಿನ ಮುಂದೆ ಕೂತು, ನೋಟ್‌ಪ್ಯಾಡಿನಲ್ಲಿ ಪಟ್ಟಿ ಬರೆದೆ. ಕೋನದ ಗುರುತಿನ ನಡುವೆ ಓಎಲ್ ಎಂದು ಬರೆದರೆ ಪಟ್ಟಿ ತೆರೆಯುತ್ತದೆ. ಕೊನೆಯಲ್ಲಿ ಅದನ್ನೇ ಓರೆಗೆರೆ ಸೇರಿಸಿ ಬರೆದರೆ ಮುಚ್ಚುತ್ತದೆ. ನಡುವೆ ಒಂದೊಂದು ಬಾಬ್ತಿಗೂ ಎಲ್‌ಐ. ನಾನು ರೂಢಿಯ ಮೇಲೆ ಪ್ರತಿ ಸಾಲಿನ ಮುಂದೆ ಸಂಖ್ಯೆಯನ್ನೂ ಬರೆದಿದ್ದೆ. ಪರದೆಯ ಮೇಲೆ ಒಂದು ಒಂದು, ಎರಡು ಎರಡು ಎಂದು ಜೋಡಿ ಜೋಡಿಯಾಗಿ ಬಂದವು.

“ನಂಬರ್ ನೀವ್ ಹಾಕ್ಬಾರ್ದು ಮೇಡಂ, ಅದೇ ಎಣಿಸ್ಕೊಳುತ್ತೆ,” ಎಂದು ಸಾರ್ ನಕ್ಕರು. “ನಡುವೆ ಒಂದು ಲೈನ್ ತೆಗ್ದ್ರೂ ಅದೇ ಅಡ್ಜಸ್ಟ್ ಮಾಡ್ಕೊಳುತ್ತೆ. ಗ್ಯಾಪೇ ಕಾಣಲ್ಲ.” ಆಮೇಲೆ ಪುಸ್ತಕದ ಪುಟ ಮಗುಚುತ್ತಾ, “ಸ್ಟಾರ್ಟ್ ಅಂತ ಒಂದು ಬರುತ್ತೆ, ಎಷ್ಟನೇ ನಂಬರಿಂದ ಶುರು ಆಗ್ಬೇಕು ಅಂತ ಹೇಳೋದಕ್ಕೆ. ಅದನ್ನ ಯಾರೂ ಯೂಸ್ ಮಾಡಲ್ಲ, ಎಕ್ಸಾಮ್‌ಗೂ ಬರಲ್ಲ. ಬಿಡಿ,” ಎಂದರು.

ನಾನು ಬಿಡಲಿಲ್ಲ. ರೆಕಾರ್ಡಿನ ಮೂಲೆಯಲ್ಲಿ ಬರೆದುಕೊಂಡೆ.

ಈಗ ಮಹಿಳಾ ಸಮಾಜದ ವಿಷಯ. ನಮ್ಮ ಸಮಾಜ ಶುರುವಾದದ್ದು ಒಬ್ಬ ಹೊಲಿಗೆ ಅಕ್ಕನ ಬಾಡಿಗೆ ಮನೆಯ ಕಾರ್ ಶೆಡ್ಡಿನಲ್ಲಿ. ಅವರು ಹಾವೇರಿ ಕಡೆಯವರು. ಅಲ್ಲಿ ಕಾಮಾಕ್ಷಿಪಾಳ್ಯದ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದರು. ಗಾರ್ಮೆಂಟ್ಸಿನಲ್ಲಿ ದಿನವಿಡೀ ಬರೀ ಕಾಲರು, ಬರೀ ಜೇಬು ಹೊಲಿಯುವ ಹುಡುಗಿಯರು, ಪೂರ್ತಿ ಬಟ್ಟೆ ಕತ್ತರಿಸಿ ಹೊಲಿಯುವುದನ್ನು ಕಲಿತು ಸ್ವಂತ ಮಷೀನು ಇಟ್ಟುಕೊಳ್ಳಬೇಕೆಂದು ಬರುತ್ತಿದ್ದರು. ಅದೇ ಶೆಡ್ಡಿನಲ್ಲಿ ಚಾಪೆ ಹಾಸಿಕೊಂಡು ನಾವು ಕೆಲವು ಹೆಂಗಸರು ಸಮಾಜ ಕಟ್ಟಿದ್ದು. ಸ್ಥಾಪಕ ಸದಸ್ಯರ ಹಳೆಯ ಹಾಳೆಯಲ್ಲಿ ಮೊದಲ ಹೆಸರು ಅವರದೇ. ಎರಡನೆಯ ಹೆಸರು ಒಬ್ಬ ಎಂಜಿನಿಯರ್ ಪತ್ನಿಯದು. ಅವರೇ ಈಗ ಅಧ್ಯಕ್ಷೆ.

ಆ ವರ್ಷ ಶೆಡ್ಡಿದ್ದ ಮನೆ ಕೆಡವಿ ಫ್ಲಾಟ್ ಕಟ್ಟುವುದೆಂದಾಯಿತು. ತಿಂಗಳ ಕೊನೆಗೆ ಹೊಲಿಗೆ ಅಕ್ಕ ಜಾಗ ಖಾಲಿ ಮಾಡಬೇಕು. ಅವರ ಕಣ್ಣಿದ್ದದ್ದು ಸಮಾಜದ ಹೊಸ ಕಟ್ಟಡದ ಮೇಲಿನ ಕೊಠಡಿಯ ಮೇಲೆ. ತರಗತಿ ನಡೆಸಲು ಆ ಕೊಠಡಿಯನ್ನು ಸ್ಥಾಪಕ ಸದಸ್ಯರಿಗೆ ಮಾತ್ರ ಕೊಡತಕ್ಕದ್ದು ಎಂದು ನಿಯಮವಿತ್ತು. ಸಿಕ್ಕರೆ ಕ್ಲಾಸು ಉಳಿಯಿತು, ಸಿಗದಿದ್ದರೆ ಮಷೀನುಗಳನ್ನು ಮಾರಿ ಊರಿಗೆ ಹೊರಡುವುದು.

ಅಧ್ಯಕ್ಷೆಗೆ ಆ ಕೊಠಡಿಯನ್ನು ತನ್ನ ಹೆಸರಿನಲ್ಲಿ ಪಡೆದು ಸೊಸೆಯ ‘ವ್ಯಕ್ತಿತ್ವ ವಿಕಸನ’ ತರಗತಿಗೆ ಕೊಡಬೇಕೆಂದಿತ್ತು. ಅದಲ್ಲದೆ ಹೊಲಿಗೆ ಅಕ್ಕನ ಮೇಲೆ ಹಳೆಯ ಉರಿಯೂ ಇತ್ತು. ಒಮ್ಮೆ ರವಿಕೆಗೆ ಅಳತೆ ಕೊಡುವಾಗ ಅಕ್ಕ ಟೇಪು ಹಿಡಿದು, ವರಾಂಡದ ತುಂಬ ಹೆಂಗಸರಿದ್ದಾಗ, “ನಡಾ ಭಾಳ ದಪ್ಪ ಆಗೇತ್ರೀ ಅಕ್ಕಾರ, ಈ ಅರಿವಿ ಸಾಲಂಗಿಲ್ಲ,” ಎಂದುಬಿಟ್ಟಿದ್ದರು. ಅರಿವೆ ಸಾಲದೆ ಹೋದದ್ದು ನಿಜ. ಆದರೆ ನಿಜವನ್ನು ಅಷ್ಟು ಗಟ್ಟಿಯಾಗಿ ಹೇಳುವ ಪದ್ಧತಿ ನಮ್ಮ ಬಡಾವಣೆಯಲ್ಲಿ ಇರಲಿಲ್ಲ.

ಹೊಸ ಕಟ್ಟಡದ ಜೊತೆಗೆ ಸಮಾಜಕ್ಕೊಂದು ವೆಬ್‌ಸೈಟ್ ಆಗಬೇಕೆಂದು ಅಧ್ಯಕ್ಷೆಗೆ ಹೊಳೆಯಿತು. ಕೆಲಸವನ್ನು ನಮ್ಮ ಸಾರ್ ಒಪ್ಪಿಕೊಂಡರು. ಒಪ್ಪಿಕೊಂಡು, “ಇದು ನಿಮ್ಮ ಪ್ರಾಜೆಕ್ಟ್ ವರ್ಕ್ ಮೇಡಂ,” ಎಂದು ನನ್ನ ತಲೆಗೆ ಕಟ್ಟಿದರು. ಆ ಕಂಪ್ಯೂಟರಿನಲ್ಲಿ ಕನ್ನಡ ಬರೆದರೆ ಬರೀ ಚೌಕಗಳು ಕಾಣುತ್ತಿದ್ದವು. ಹಾಗಾಗಿ ಕನ್ನಡದ ಹೆಂಗಸರ ಹೆಸರನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕೂರಿಸಿದೆ.

ಅಧ್ಯಕ್ಷೆ ಬಂದು ನನ್ನ ಬೆನ್ನ ಹಿಂದೆ ನಿಂತರು. ಸೇವೆಗಳ ಪಟ್ಟಿಗೆ ನಾನು ದುಂಡು ಚುಕ್ಕೆ ಇಟ್ಟಿದ್ದೆ.

“ಇದೇನ್ರೀ, ಕಡ್ಲೆಕಾಳು ಚೆಲ್ಲಿದ ಹಾಗೆ? ಕಮಲದ ಹೂವು ಇಡೋಕ್ಕಾಗಲ್ವಾ?”

“ದುಂಡು, ಖಾಲಿ ದುಂಡು, ಚೌಕ, ಮೂರೇ ಇರೋದು ಮೇಡಂ.”

“ಏನು ಕಂಪ್ಯೂಟರೋ!” ಎಂದು ಬೇಸರಪಟ್ಟು, ಸ್ಥಾಪಕ ಸದಸ್ಯರ ಪಟ್ಟಿಗೆ ಬಂದರು. “ಇದಕ್ಕೆ ಚುಕ್ಕೆ ಬೇಡ. ನಂಬರ್ ಇರ್ಬೇಕು. ಗೌರವ ಬರೋದೇ ನಂಬರಿಂದ. ಪುಟ ತೆಗೆದ ತಕ್ಷಣ ಇದೇ ಕಾಣ್ಬೇಕು.” ಆಮೇಲೆ ಪರದೆಯ ಮೇಲೆ ಬೆರಳಿಟ್ಟು, “ಮೊದಲನೇದು ತೆಗೀರಿ,” ಎಂದರು.

“ಅವರ ಶೆಡ್ಡಲ್ಲೇ ಅಲ್ವಾ ಮೇಡಂ ಶುರುವಾಗಿದ್ದು?”

“ಶೆಡ್ ಕೊಟ್ಟೋರೆಲ್ಲ ಸ್ಥಾಪಕರಾಗ್ತಾರೇನ್ರೀ? ಹಾಗಾದ್ರೆ ಚಾಪೆ ಅಂಗ್ಡಿಯವನನ್ನೂ ಸೇರಿಸಿ.”

ಸಾರ್ ಹಿಂದಿನಿಂದ ಹಿಹಿ ಎಂದರು. “ತೆಗೀರಿ ಮೇಡಂ, ಅಡ್ಜಸ್ಟ್ ಆಗುತ್ತೆ.”

ತೆಗೆದೆ. ಸೇವ್ ಮಾಡಿ, ಪುಟವನ್ನು ಮತ್ತೆ ತೆರೆದೆ. ಒಂದು ಸಾಲು ಹೋಗಿ ಎಲ್ಲ ಹೆಸರುಗಳೂ ಒಂದೊಂದು ಮೆಟ್ಟಿಲು ಏರಿದ್ದವು. ಎರಡರಲ್ಲಿದ್ದ ಅಧ್ಯಕ್ಷೆ ಒಂದರಲ್ಲಿದ್ದರು. ಅಳಿಸಿದ ಗುರುತಿಲ್ಲ, ಕಾಟು ಹೊಡೆದ ಗೀರಿಲ್ಲ. ಕಾಗದದ ಮೇಲಾದರೆ ಒಬ್ಬರ ಹೆಸರು ಹೊಡೆದುಹಾಕುವುದಕ್ಕೆ ಸ್ವಲ್ಪವಾದರೂ ಎದೆಗಾರಿಕೆ ಬೇಕಿತ್ತು. ಇಲ್ಲಿ ಅದೂ ಬೇಡ. ಅಧ್ಯಕ್ಷೆ ತನ್ನ ಹೆಸರು ಮೇಲಿರುವುದನ್ನು ಕಣ್ತುಂಬ ನೋಡಿಕೊಂಡು, ಅದು ನೀಲಿ ಬಣ್ಣದಲ್ಲಿದ್ದರೆ ಇನ್ನೂ ಚೆನ್ನ ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದರು.

ಎರಡು ದಿನ ಅದೇ ಯೋಚನೆ. ಹೆಸರು ಮತ್ತೆ ಸೇರಿಸಿದರೆ ಶನಿವಾರ ಮಧ್ಯಾಹ್ನದ ಕಟ್ಟಡ, ವೆಬ್‌ಸೈಟ್ ಉದ್ಘಾಟನೆಯ ಸಮಾರಂಭಕ್ಕೆ ಮುಂಚೆ ಯಾರಾದರೂ ನೋಡಿ ತೆಗೆಸುತ್ತಾರೆ. ಆದ್ದರಿಂದ ಹೆಸರಿನ ತಂಟೆಗೆ ಹೋಗಲಿಲ್ಲ. ಶನಿವಾರ ಬೆಳಿಗ್ಗೆ ಹೋಗಿ, ಓಎಲ್ ಎಂಬುದರ ಪಕ್ಕದಲ್ಲಿ, ಎಕ್ಸಾಮ್‌ಗೂ ಬಾರದ ಆ ಸ್ಟಾರ್ಟ್ ಎಂಬ ಮಾತು ಬರೆದು, ಅದರ ಮುಂದೆ ಎರಡು ಎಂದು ಹಾಕಿದೆ. ಅಷ್ಟೆ. ಪಟ್ಟಿ ಎರಡರಿಂದ ಶುರುವಾಯಿತು. ಅಧ್ಯಕ್ಷೆ ತಾನಿದ್ದ ಕಡೆಗೇ ಇಳಿದರು. ಸಾರ್ ಫ್ಲಾಪಿ ಇಸಿದುಕೊಂಡರು, ತೆರೆದೂ ನೋಡಲಿಲ್ಲ.

ಮಧ್ಯಾಹ್ನ ಸಮಾರಂಭ. ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರು ತಂದು, ಇನ್‌ಸ್ಟಿಟ್ಯೂಟಿನ ಕಂಪ್ಯೂಟರನ್ನು ಮೇಜಿನ ಮೇಲೆ ಕೂರಿಸಿದ್ದರು. ದೀಪಕ್ಕೆ ಜಾಗ ಸಾಲದೆಂದು ಕೀಬೋರ್ಡನ್ನು ಕಿತ್ತು ಮೇಜಿನ ಕೆಳಗೆ ಇಟ್ಟರು. ಮಾನಿಟರಿಗೆ ಸೇವಂತಿಗೆ ಹಾರ. ತಟ್ಟೆಯಲ್ಲಿ ಹೂವಿನ ನಡುವೆ ಮೇಲಿನ ಕೊಠಡಿಯ ಕೀಲಿಕೈ. ಸೊಸೆ ರೇಷ್ಮೆ ಸೀರೆ ಉಟ್ಟು ಅದರ ಪಕ್ಕದಲ್ಲೇ ನಿಂತಿದ್ದಳು. ಮುಖ್ಯ ಅತಿಥಿಯಾಗಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಬಂದಿದ್ದರು, ಕನ್ನಡಕಕ್ಕೆ ದಾರ ಕಟ್ಟಿಕೊಂಡವರು. ಹೊಲಿಗೆ ಅಕ್ಕ ತನ್ನ ಹುಡುಗಿಯರ ಜೊತೆ ಕೊನೆಯ ಸಾಲಿನಲ್ಲಿ ಕೂತಿದ್ದರು. ಪಟ್ಟಿಯಲ್ಲಿ ಹೆಸರಿಲ್ಲವೆಂದು ಅವರಿಗೆ ಯಾರೋ ಆಗಲೇ ಮುಟ್ಟಿಸಿದ್ದರು.

ಪೂಜೆ ಶುರುವಾಯಿತು. ವಾಹನ ಪೂಜೆಯಲ್ಲಿ ಚಕ್ರಕ್ಕೆ ಹಚ್ಚುವುದಿಲ್ಲವೇ? ಮೌಸಿನ ಹೊಟ್ಟೆಯಲ್ಲೂ ಒಂದು ಗುಂಡು ಉರುಳುತ್ತದೆಂದು ಯಾರೋ ಹೇಳಿದರು. ಅಧ್ಯಕ್ಷೆ ಮೌಸನ್ನು ಅಂಗಾತ ಮಾಡಿ, ಕಲೆಸಿದ ಅರಿಶಿನ, ಕುಂಕುಮವನ್ನು ಆ ಗುಂಡಿಗೇ ಧಾರಾಳವಾಗಿ ಬಳಿದು, ನಾಲ್ಕು ಅಕ್ಷತೆ ಕಾಳನ್ನೂ ಒಳಗೆ ಸೇರಿಸಿದರು. ಸಾರ್ ಕೈಮುಗಿದು ನಿಂತಿದ್ದರು. ಅಷ್ಟು ದಿನ ಚಪ್ಪಲಿ ಬಿಡಿಸಿ, ಧೂಳು, ಧೂಳು ಎಂದು ನಮ್ಮ ಪ್ರಾಣ ತಿಂದ ಮಹಾಶಯ.

ಪರದೆಯ ಯಾವ ಮೂಲೆಯಲ್ಲಿ ಒತ್ತಿದರೂ ಪುಟ ತೆರೆಯುವಂತೆ ಸಾರ್ ಮೊದಲೇ ಮಾಡಿಟ್ಟಿದ್ದರು. ಮುಖ್ಯೋಪಾಧ್ಯಾಯಿನಿ ಮೌಸನ್ನು ಒಂದು ಸಲ ಒತ್ತಿದರು. ಪುಟ ತೆರೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಕನ್ನಡಕ ಏರಿಸಿಕೊಂಡು ಪಂಚೆಯ ಮೇಲಿನದನ್ನು ಓದಿದರು.

“ಸ್ಥಾಪಕ ಸದಸ್ಯರು. ಎರಡು...” ನಿಲ್ಲಿಸಿದರು. “ಒಂದನೇದು ಎಲ್ಲಿ ಹೋಯ್ತಮ್ಮ?”

ಅಧ್ಯಕ್ಷೆ ತಿರುಗಿ ನೋಡಿದರು. ತನ್ನ ಹೆಸರು, ನೀಲಿ ಬಣ್ಣ, ಪಕ್ಕದಲ್ಲಿ ಎರಡು.

“ಪುಟ ಸರಿಸಿ ಸಾರ್, ಸರಿಸಿ,” ಎಂದು ಹಲ್ಲು ಕಚ್ಚಿ ಹೇಳಿದರು.

ಸಾರ್ ಮೌಸು ಹಿಡಿದು ಎಡಕ್ಕೆ ಎಳೆದರು, ಬಲಕ್ಕೆ ಎಳೆದರು, ಮೇಜಿಗೆ ಕುಟ್ಟಿದರು. ಪರದೆಯ ಮೇಲಿನ ಬಾಣ ಅಲುಗಲಿಲ್ಲ. ಗುಂಡು ಅರಿಶಿನದಲ್ಲಿ ಕಚ್ಚಿಕೊಂಡಿತ್ತು. ಮೇಜುಬಟ್ಟೆಯ ಮೇಲೆ ಕೆಂಪು ಹಳದಿ ಗೀರುಗಳಾದವು. ಪಂಚೆಯ ಮೇಲೆ ‘ಎರಡು’ ಹಾಗೇ ನಿಂತಿತ್ತು, ಬಿಂದಿಗೆಯಷ್ಟು ದೊಡ್ಡದಾಗಿ.

“ಅಲ್ಲಮ್ಮ, ಎರಡರಿಂದ ಎಣಿಸೋದನ್ನ ನಿಮ್ಗೆ ಯಾರು ಹೇಳ್ಕೊಟ್ರು?” ಎಂದರು ಮುಖ್ಯೋಪಾಧ್ಯಾಯಿನಿ.

ಅಧ್ಯಕ್ಷೆಯ ಮುಖ ಒಂದು ಗಳಿಗೆ ಸುಟ್ಟ ಹಪ್ಪಳದಂತಾಯಿತು. ಆಮೇಲೆ ಎರಡೂ ಕೈ ಎತ್ತಿ ಜೋಡಿಸಿ, “ಒಂದನೇ ಸ್ಥಾನ ಆ ತಾಯಿ ಭುವನೇಶ್ವರಿಗೆ ಬಿಟ್ಟಿದೀವಿ ಮೇಡಂ!” ಎಂದರು.

ಚಪ್ಪಾಳೆ! ಹಿಂದಿನದಕ್ಕಿಂತ ಜೋರಾಗಿ. ಒಬ್ಬಾಕೆ ಕಣ್ಣು ಒರೆಸಿಕೊಂಡರು. ನಮ್ಮ ಬಡಾವಣೆಯವರ ಎದುರು ಕದ್ದ ಮಾಲನ್ನು ಇಟ್ಟು ಅದರ ಮೇಲೊಂದು ಹೂವು ಏರಿಸಿದರೆ ಸಾಕು, ಪ್ರಸಾದವೆಂದು ಕೈ ಚಾಚುತ್ತಾರೆ. ನನ್ನ ಒಂದು ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಖ್ಯೋಪಾಧ್ಯಾಯಿನಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. “ಭುವನೇಶ್ವರಿ ನಿಮ್ಮ ಮೀಟಿಂಗಿಗೆ ಬರ್ತಾಳೇನಮ್ಮ?”

ಮುಂದಿನ ಸಾಲಿನ ಒಬ್ಬ ಅಜ್ಜಿ, ಶೆಡ್ಡಿನ ಕಾಲದಿಂದ ಇದ್ದವರು, ಅದುವರೆಗೆ ಹೂ ಕಟ್ಟುತ್ತಾ ಕೂತಿದ್ದರು. ತಲೆ ಎತ್ತದೆ, “ಬರ್ತಾಳೆ ಬರ್ತಾಳೆ. ಹಿಂದಗಡೆ ಕೂತವ್ಳೆ ನೋಡಿ, ಕುತ್ತಿಗೇಲಿ ಟೇಪು ಹಾಕ್ಕೊಂಡು. ಅವಳ ಶೆಡ್ಡಲ್ಲೇ ಅಲ್ವೇ ನಾವೆಲ್ಲ ಚಾಪೆ ಹಾಸ್ಕೊಂಡ್ ಕೂತಿದ್ದು?” ಎಂದರು.

ಎಲ್ಲರ ಕುತ್ತಿಗೆಯೂ ಹಿಂದಕ್ಕೆ ತಿರುಗಿತು. ಕಾಮಾಕ್ಷಿಪಾಳ್ಯದ ಹುಡುಗಿಯರು ಹೊಲಿಗೆ ಅಕ್ಕನನ್ನು ತಳ್ಳಿ ಎಬ್ಬಿಸಿದರು.

“ಅಯ್ಯೋ, ಅವರೂ ನಮ್ಮವರೇ! ಟೈಪಿಂಗ್ ಮಿಸ್ಟೇಕು,” ಎಂದು ಅಧ್ಯಕ್ಷೆ ಸಾರ್ ಕಡೆ ನೋಡಿದರು.

“ಸ್ಟೂಡೆಂಟ್ ಮಿಸ್ಟೇಕು ಮೇಡಂ,” ಎಂದು ಸಾರ್ ನನ್ನ ಕಡೆ ನೋಡಿದರು.

ನನ್ನ ಹಿಂದೆ ಗೋಡೆ ಇತ್ತು. ನಾನು ಯಾರ ಕಡೆಯೂ ನೋಡಲಿಲ್ಲ.

“ಹೆಸ್ರು ಈಗ್ಲೇ ಸೇರಿಸಿಬಿಡೋಣ, ಒಂದರಲ್ಲೇ ಹಾಕೋಣ,” ಎಂದು ಅಧ್ಯಕ್ಷೆ ಅವಸರಪಟ್ಟರು. ಕೊಠಡಿಯ ಮಾತು ಬರುವ ಮೊದಲು ನಂಬರು ಕೊಟ್ಟು ಕೈತೊಳೆದುಕೊಳ್ಳುವ ಲೆಕ್ಕ.

ಹೊಲಿಗೆ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದರು. “ಬ್ಯಾಡ್ರಿ ಅಕ್ಕಾರ. ಒಂದನೇ ನಂಬರ್ ಆ ತಾಯಿಗೇ ಇರ್ಲಿ. ಆಕಿಗೆ ಕೊಟ್ಟದ್ದನ್ನ ನಾ ಯಾಕ ಕಸ್ಕೊಳ್ಲಿ? ನನಗ ಹೊಲಿಗಿ ಕ್ಲಾಸಿಗೆ ಖೋಲಿ ಕೀಲಿ ಕೊಡ್ರಿ, ಸಾಕು.”

ಸಭೆ ಗೊಳ್ಳೆಂದು ನಕ್ಕಿತು. ನಗು ನಿಲ್ಲುವ ಮೊದಲೇ ಮುಖ್ಯೋಪಾಧ್ಯಾಯಿನಿ ತಟ್ಟೆಯಿಂದ ಕೀಲಿಕೈ ಎತ್ತಿ, ಅಂಟಿದ್ದ ಹೂವಿನೆಸಳು ಕೊಡವಿ, ಅವರ ಅಂಗೈಗೆ ಇಟ್ಟರು. “ಶಿಸ್ತಾಗಿ ನಡೆಸಮ್ಮ,” ಎಂದರು. ಮೊದಲು ಚಪ್ಪಾಳೆ ತಟ್ಟಿದ್ದು ಅಧ್ಯಕ್ಷೆಯೇ. ಗಾಳಿ ಯಾವ ಕಡೆಗೆ ತಿರುಗಿತೆಂದು ಆಕೆಯಷ್ಟು ಬೇಗ ತಿಳಿಯುವವರನ್ನು ನಾನು ಕಂಡಿಲ್ಲ. ಸೊಸೆ ಖಾಲಿ ತಟ್ಟೆ ಹಿಡಿದು ಫೋಟೋಗೆ ನಿಂತಳು.

ಕೆಳಗೆ ಕೇಸರಿಬಾತು ಹಂಚುವ ಜಾಗದಲ್ಲಿ ಹೊಲಿಗೆ ಅಕ್ಕ ನನ್ನ ಪಕ್ಕಕ್ಕೆ ಬಂದರು.

“ನೀವ ಮಾಡಿದ್ರೇನ್ರಿ ಅದನ್ನ?”

“ಒಂದು ಮಾತು ಸೇರಿಸಿದೆ ಅಷ್ಟೆ.”

“ನನ್ನ ಹೆಸರು ಸೇರಿಸಿದ್ರಿ?”

“ಇಲ್ಲ. ಹೆಸರು ಇನ್ನೂ ಇಲ್ಲ.”

“ಇರ್ಲಿ ಬಿಡ್ರಿ. ಸೋಮವಾರ ಮಷೀನ್ ತರಸ್ತೀನಿ. ಮ್ಯಾಲ ಕರೆಂಟ್ ಪಾಯಿಂಟ್ ಐತೇನು, ಅದನ್ನ ಮೊದ್ಲ ನೋಡೂಣ ಬರ್ರಿ.”

ಹೋಗಿ ನೋಡಿದೆವು. ಪಾಯಿಂಟು ಇತ್ತು, ಎರಡು ಕಡೆ. ಕಿಟಕಿಯ ಬೆಳಕೂ ಚೆನ್ನಾಗಿತ್ತು. ಸೂಜಿಗೆ ದಾರ ಪೋಣಿಸಲು ಅಂಥ ಬೆಳಕೇ ಬೇಕು ಎಂದು ಅಕ್ಕ ಕಿಟಕಿಯ ಹತ್ತಿರ ನಿಂತು, ದಾರವಿಲ್ಲದ ಬೆರಳುಗಳಲ್ಲೇ ಪೋಣಿಸಿ ತೋರಿಸಿದರು.

ಸೋಮವಾರ ಸಾರ್ ನನ್ನ ರೆಕಾರ್ಡಿಗೆ ಸಹಿ ಹಾಕಲಿಲ್ಲ. “ಪ್ರಾಜೆಕ್ಟ್ ಎರರ್ ಇದೆ,” ಎಂದರು. ಚಪ್ಪಲಿ ಮೆಟ್ಟಿಕೊಂಡು ಇಳಿದವಳು ಮತ್ತೆ ಹತ್ತಲಿಲ್ಲ. ಆ ಪುಟವನ್ನು ಯಾರೂ ತಿದ್ದಲಿಲ್ಲ. ತಿದ್ದುವುದು ಹೇಗೆಂದು ತಿಳಿಯಲಿಲ್ಲವೋ, ಭುವನೇಶ್ವರಿಯನ್ನು ಎಬ್ಬಿಸಲು ಹೆದರಿದರೋ. ಅದು ಇದ್ದಷ್ಟು ದಿನವೂ ಎರಡರಿಂದಲೇ ಶುರುವಾಗುತ್ತಿತ್ತು.

ಆ ಶನಿವಾರ ಸಂಜೆ ಮನೆಗೆ ಬಂದು ಸೀರೆ ಮಡಿಸಿಟ್ಟೆ. ಮೆಣಸಿನಕಾಯಿ ಒಳಗೆ ತಂದೆ. ಮುದ್ದೆ ತೊಳಸಿದೆ. ಯಜಮಾನರಿಗೆ ಬಡಿಸುತ್ತಾ ನಡೆದದ್ದನ್ನೆಲ್ಲ ಹೇಳಿದೆ.

“ಹಾಗಾದ್ರೆ ನಿನ್ನ ಪಟ್ಟಿಲಿ ನಾನು ಎಷ್ಟನೇವನೇ?” ಎಂದರು.

“ನಿಮ್ಗೆ ನಂಬರ್ ಇಲ್ಲಾರೀ. ಚುಕ್ಕೆ.”

“ದುಂಡು ಚುಕ್ಕೇನೋ, ಚೌಕಾನೋ?”

ಅವರ ಹೊಟ್ಟೆ ನೋಡಿ, ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟೆ. ಮುದ್ದೆ, ದಂಟಿನ ಸೊಪ್ಪಿನ ಬಸ್ಸಾರು, ಅದರದೇ ಪಲ್ಯ, ಕೊನೆಗೆ ಮಜ್ಜಿಗೆ ಅನ್ನ. ಸಮಾಜದ ಕೇಸರಿಬಾತನ್ನು ಪೊಟ್ಟಣ ಕಟ್ಟಿಕೊಟ್ಟಿದ್ದರು. ಡಾಲ್ಡಾ ವಾಸನೆ ಬಂತು, ಮುಚ್ಚಿಟ್ಟೆ. ಯಜಮಾನರು ಟಿವಿಯ ಮುಂದೆ ಕೂತಲ್ಲೇ ಮೊದಲು ನಿದ್ದೆ ಹೋದರು. ನಾನು ದೋಸೆ ಹಿಟ್ಟಿನ ಪಾತ್ರೆ ಮುಚ್ಚಿ, ದೀಪ ಆರಿಸಿ, ಆಮೇಲೆ ಮಲಗಿದೆ.